ಸಂಪಿಗೆ ಮರದ ಕೆಳಗಿನ ಮೇಜು

ನಮ್ಮ ಬೀದಿಯ ಗ್ಯಾಸ್ಟ್ರೋಪಬ್ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಪಬ್ಬಿಗೂ ನಮ್ಮ ಮನೆಗೂ ನಡುವೆ ಇರುವುದು ಐದು ಮನೆ, ಒಂದು ಟ್ರಾನ್ಸ್‌ಫಾರ್ಮರ್. ನೀವಿರುವ ಜಾಗದಲ್ಲಿ ಮೊದಲು ನಿವೃತ್ತ ಮೇಷ್ಟ್ರೊಬ್ಬರ ಹೆಂಚಿನ ಮನೆಯಿತ್ತು. ಅವರ ಮಕ್ಕಳು ಅದನ್ನು ಮಾರಿದಾಗ ಅಂಗಳದ ಸಂಪಿಗೆ ಮರ ಹೋದಂತೆಯೇ ಎಂದು ನಾವೆಲ್ಲ ಅಂದುಕೊಂಡಿದ್ದೆವು. ನೀವು ಮರ ಕಡಿಸಲಿಲ್ಲ. ಬುಡಕ್ಕೆ ಸಿಮೆಂಟು ಸುರಿಸದೆ ಮಣ್ಣು ಬಿಟ್ಟಿರಿ, ಸುತ್ತ ಕಟ್ಟೆ ಕಟ್ಟಿಸಿದಿರಿ, ಅದರ ನೆರಳಿಗೆ ನಾಲ್ಕು ಮೇಜು ಹಾಕಿಸಿದಿರಿ. ಬೀದಿಯವರೆಲ್ಲರ ಪರವಾಗಿ ಇದಕ್ಕೆ ಮೊದಲು ಕೃತಜ್ಞತೆ ಹೇಳಿಬಿಡುತ್ತೇನೆ. ಮರದ ಮಾತು ಕೇಳಿಸಿಕೊಂಡವರು ಅಕ್ಕಪಕ್ಕದವರ ಮಾತನ್ನೂ ಕೇಳಿಸಿಕೊಳ್ಳುತ್ತಾರೆ ಎಂಬ ನಂಬಿಕೆಯಿಂದಲೇ ಮುಂದಿನದನ್ನು ಬರೆಯುತ್ತಿದ್ದೇನೆ.

ಈ ಪತ್ರವನ್ನು ನಿಮ್ಮ ಕೈಗೇ ಕೊಡಬಹುದಿತ್ತು. ಆದರೆ ಇದು ನಮ್ಮ ಒಂದು ಬೀದಿಯ ಮಾತಲ್ಲ. ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆ, ಜೆ.ಪಿ. ನಗರ, ಹೀಗೆ ಮನೆಗಳಿದ್ದ ಬೀದಿಗೆ ಪಬ್ಬು ಬಂದ ಕಡೆಯಲ್ಲೆಲ್ಲ ಎರಡೇ ಬಗೆಯ ಸಂಬಂಧ ಕಾಣುತ್ತಿದೆ. ಒಂದು, ಪೊಲೀಸ್ ಠಾಣೆಗೆ ದೂರು. ಇನ್ನೊಂದು, ಕಿಟಕಿ ಮುಚ್ಚಿಕೊಂಡು ಸುಮ್ಮನಿರುವುದು. ನನಗೆ ಎರಡೂ ಬೇಡ. ನಿಮ್ಮ ಬಾಗಿಲು ಮುಚ್ಚಿಸಬೇಕೆಂಬ ಆಸೆ ನನಗಿಲ್ಲ, ಆ ಬಾಗಿಲಲ್ಲಿ ನಾವೂ ಒಳಗೆ ಬರುವಂತಾಗಬೇಕೆಂಬ ಆಸೆ ಇದೆ.

ಬರಲಿಲ್ಲ ಎಂದೇನಲ್ಲ, ಒಮ್ಮೆ ಬಂದೆವು. ಕಳೆದ ತಿಂಗಳ ಎರಡನೇ ಭಾನುವಾರ ನಮ್ಮ ಅಮ್ಮನಿಗೆ ಎಪ್ಪತ್ತೊಂಬತ್ತು ತುಂಬಿತು. ಮಗಳು ಪುಣೆಯಿಂದ ಬಂದಿದ್ದಳು. “ಅಜ್ಜೀ, ಆಟೋನೂ ಬೇಡ, ನಮ್ಮ ಬೀದೀಲೇ ಬ್ರಂಚಿಗೆ ಹೋಗೋಣ” ಎಂದಳು. ಅಮ್ಮ ಮೈಸೂರು ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಕೋಲು ಹಿಡಿದು, ಹನ್ನೆರಡೂಕಾಲಿಗೆ ನಿಮ್ಮ ಮೆಟ್ಟಿಲು ಹತ್ತಿದರು. ಬಾಗಿಲಲ್ಲಿದ್ದ ಹುಡುಗ ಓಡಿಬಂದು ಕೈ ಕೊಟ್ಟ. ಮರದ ಕೆಳಗಿನ ಮೇಜುಗಳು ಮೊದಲೇ ಬುಕ್ ಆಗಿದ್ದುದರಿಂದ ನಮಗೆ ಒಳಗೆ, ಕಂಬದ ಪಕ್ಕ, ಸ್ಪೀಕರಿನ ಕೆಳಗೆ ಜಾಗ ಸಿಕ್ಕಿತು.

ಮೇಜಿನ ಮೇಲೆ ಅಂಗೈ ಅಗಲದ ಒಂದು ಮರದ ತುಂಡು, ಅದರ ಮೇಲೆ ಕ್ಯೂಆರ್ ಕೋಡ್. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ತಿಂಡಿ ಏನೇನಿದೆ ಅಂತ ಎಲ್ಲಿ ಬರ್ದಿದಾರೆ?” ಎಂದು ಕೇಳಿದರು. ಮಗಳು ಫೋನಿನಲ್ಲಿ ತೋರಿಸಿದಳು. ಇಂಗ್ಲಿಷಿನ ಸಣ್ಣಕ್ಷರ ಅಮ್ಮನಿಗೆ ಕಾಣಲಿಲ್ಲ, ಕಂಡಿದ್ದರೂ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಸಪ್ಲೈಯರ್ ಹುಡುಗ ಬಂದು, ಭಾನುವಾರ ಬಿಡಿ ತಿಂಡಿ ಕೊಡುವುದಿಲ್ಲ, ತಲೆಗೆ 1,950 ರೂಪಾಯಿ, ನಾಲ್ಕು ಗಂಟೆಯವರೆಗೆ ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು ಎಂದ. ಅಮ್ಮ ತಿನ್ನುವುದು ಒಂದು ದೋಸೆಯಷ್ಟು. ಆ ಲೆಕ್ಕವನ್ನು ಅವನೂ ಮನಸ್ಸಿನಲ್ಲಿ ಮಾಡಿಕೊಂಡನೇನೋ, ಮುಖ ತಗ್ಗಿಸಿ ನಿಂತ.

ಬಿಸಿಪೆಟ್ಟಿಗೆಯಲ್ಲಿ ಎಗ್ಸ್ ಬೆನೆಡಿಕ್ಟ್ ಸಾಲಾಗಿ ಕೂತಿತ್ತು. ಮೊಟ್ಟೆಯ ಹಳದಿಗೆ ಕರಗಿದ ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಕಡೆದು ಮಾಡುವ ಹಾಲಂಡೇಸ್ ಸಾಸು ಅದರ ಮೇಲೆ ಒಡೆದು ಹೋಗಿತ್ತು. ಬೆಣ್ಣೆ ಅಂಚಿಗೆ ಹರಿದಿತ್ತು, ಮೊಟ್ಟೆ ಕಾಳುಗಟ್ಟಿತ್ತು. ನಿಮ್ಮ ಅಡುಗೆಯವರ ಕೈ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ವಾರದ ದಿನ ಸಂಜೆ ಅದೇ ಅಡುಗೆಮನೆಯಿಂದ ಮಗಳು ತರಿಸಿದ್ದ ಮೀನನ್ನು ತಿಂದಿದ್ದೇನೆ, ಹದ ಗೊತ್ತಿದ್ದವರ ಕೈಯದು. ಆದರೆ ಹಾಲಂಡೇಸ್ ಕಡೆದ ಕೂಡಲೇ ತಟ್ಟೆಗೆ ಬರಬೇಕಾದದ್ದು. ಹೆಚ್ಚು ಕಾವು ಕೊಟ್ಟರೂ ಒಡೆಯುತ್ತದೆ, ತಣ್ಣಗಾದರೂ ಒಡೆಯುತ್ತದೆ. ನೂರು ಜನಕ್ಕೆ ಒಟ್ಟಿಗೆ ಮಾಡಿ ಕಾವಿನ ಮೇಲೆ ಇಟ್ಟರೆ ಎಂಥ ನಳಪಾಕದವನೂ ಅದನ್ನು ಉಳಿಸಿಕೊಳ್ಳಲಾರ.

ನಾವು ಕೂತಿದ್ದ ಕಂಬದ ಹಿಂದೆಯೇ ಎಂಜಲು ತಟ್ಟೆಗಳು ಹೋಗುವ ದಾರಿ. ಎರಡು ಗಂಟೆಯ ಹೊತ್ತಿಗೆ ಒಬ್ಬ ಹುಡುಗ ಹತ್ತು ಹನ್ನೆರಡು ತಟ್ಟೆ ಪೇರಿಸಿಕೊಂಡು ಹೋದ. ಮೇಲಿನ ತಟ್ಟೆಯಲ್ಲಿ ಒಂದೇ ಕಡೆ ಕಚ್ಚಿದ ವಾಫಲ್, ಮುಟ್ಟದ ನಾಲ್ಕು ಸೀಗಡಿ, ಅದರೊಳಗೇ ಅದ್ದಿಟ್ಟ ಸಿಗರೇಟು ಪೊಟ್ಟಣದ ಕಾಗದ. ಅಮ್ಮ ಅದನ್ನು ನೋಡಿ ತಮ್ಮ ತಟ್ಟೆಯಲ್ಲಿ ಉಳಿದಿದ್ದ ಚೂರು ಬ್ರೆಡ್ಡನ್ನು ಬಾಯಿಗೆ ಹಾಕಿಕೊಂಡರು. ಹಸಿವಾಗಿ ಹಾಕಿಕೊಂಡದ್ದಲ್ಲ ಅದು.

ಆಮೇಲೆ ಅಮ್ಮ ಕಿಟಕಿಯಾಚೆಗಿನ ಮರದ ಕಡೆ ಕೈ ತೋರಿಸಿ ಏನೋ ಹೇಳಿದರು. ಕೇಳಿಸಲಿಲ್ಲ. ನಾನು ಬಗ್ಗಿದೆ, ಅವರು ಮತ್ತೆ ಹೇಳಿದರು. ಮಗಳು ಎದ್ದು ಬಂದು ಕಿವಿ ಕೊಟ್ಟಳು, ಮೂರನೇ ಸಲ ಹೇಳಿದರು. ಸ್ಪೀಕರಿನ ಸದ್ದಿನಲ್ಲಿ ಅವರ ತುಟಿ ಆಡುವುದಷ್ಟೇ ಕಾಣುತ್ತಿತ್ತು. ಕೊನೆಗೆ “ಏನಿಲ್ಲ ಬಿಡು” ಎಂದು ಕೈ ಆಡಿಸಿದರು. ಅದು ಮಾತ್ರ ತಿಳಿಯಿತು.

ಮಾನ್ಯರೇ, ಆ “ಏನಿಲ್ಲ ಬಿಡು” ನನ್ನಿಂದ ಈ ಪತ್ರ ಬರೆಸುತ್ತಿದೆ.

ನೀವು ನಿಮ್ಮ ಬೋರ್ಡಿನ ಮೇಲೆ ಬರೆಸಿರುವ ಎರಡು ಪದಗಳ ಹಿಂದೆ ಒಳ್ಳೆಯ ಕಥೆಗಳಿವೆ. ‘ಬ್ರಂಚ್’ ಎಂಬ ಮಾತು ಅಚ್ಚಿಗೆ ಬಂದದ್ದು 1895ರಲ್ಲಿ. ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕ ‘ಹಂಟರ್ಸ್ ವೀಕ್ಲಿ’ ಎಂಬ ಪತ್ರಿಕೆಯಲ್ಲಿ ಅದರ ಪರವಾಗಿ ಒಂದು ಮನವಿಯನ್ನೇ ಬರೆದ. ಭಾನುವಾರ ಚರ್ಚಿನಿಂದ ಬಂದ ಮೇಲೆ ಉಣ್ಣುತ್ತಿದ್ದ ಭಾರವಾದ ಊಟದ ಬದಲು, ತಡವಾಗಿ ಎದ್ದು, ಹಗುರವಾಗಿ ಶುರುಮಾಡಿ, ನಾಲ್ಕು ಜನ ಕೂತು ಮಾತಾಡುತ್ತ ತಿನ್ನುವ ಊಟವೊಂದು ಇರಲಿ ಎಂಬುದು ಅವನ ವಾದ. ಅದು ಮನುಷ್ಯನನ್ನು ಗೆಲುವಾಗಿಸುತ್ತದೆ, ಮಾತಿಗೆ ಎಳೆಯುತ್ತದೆ ಎಂಬುದೇ ಅವನು ಕೊಟ್ಟ ಮುಖ್ಯ ಕಾರಣ. ಅಂದರೆ ಬ್ರಂಚ್ ಹುಟ್ಟಿದ್ದೇ ಹರಟೆಗಾಗಿ.

‘ಗ್ಯಾಸ್ಟ್ರೋಪಬ್’ ಇನ್ನೂ ಇತ್ತೀಚಿನದು. 1989ರಲ್ಲಿ ಬ್ರಿಟನ್ ಸರ್ಕಾರ, 2,000ಕ್ಕಿಂತ ಹೆಚ್ಚು ಪಬ್ಬುಗಳನ್ನು ಹಿಡಿತದಲ್ಲಿಟ್ಟುಕೊಂಡಿದ್ದ ದೊಡ್ಡ ಬಿಯರ್ ಕಂಪನಿಗಳು ಆ ಮಿತಿ ಮೀರಿದ ಪಬ್ಬುಗಳಲ್ಲಿ ಅರ್ಧದಷ್ಟನ್ನು ಬಿಟ್ಟುಕೊಡಬೇಕೆಂದು ಆದೇಶ ತಂದಿತು. ಕಂಪನಿಗಳು ಸಾವಿರಾರು ಪಬ್ಬುಗಳನ್ನು ಕೈಬಿಟ್ಟವು. ಕೈಯಲ್ಲಿ ದೊಡ್ಡ ಬಂಡವಾಳ ಇಲ್ಲದವರಿಗೂ ಒಂದು ಪಬ್ಬು ಹಿಡಿಯುವ ದಾರಿ ತೆರೆಯಿತು. ಹಾಗೆ 1991ರಲ್ಲಿ ಡೇವಿಡ್ ಐರ್ ಮತ್ತು ಮೈಕಲ್ ಬೆಲ್ಬೆನ್ ಎಂಬಿಬ್ಬರು ಲಂಡನ್ನಿನ ಫ್ಯಾರಿಂಗ್ಡನ್ ರಸ್ತೆಯ ‘ದಿ ಈಗಲ್’ ಎಂಬ ಪಬ್ಬನ್ನು ಹಿಡಿದರು. ಮೇಜಿಗೆ ಬಟ್ಟೆ ಇಲ್ಲ. ಒಂದಕ್ಕೊಂದು ಹೊಂದದ ಹಳೆಯ ಕುರ್ಚಿಗಳು. ಬಾರಿನ ಹಿಂದೆಯೇ ಎಲ್ಲರಿಗೂ ಕಾಣುವಂಥ ಪುಟ್ಟ ಒಲೆ. ಅಂದಿನ ಅಡುಗೆಯನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು, ಮಾರನೆಯ ದಿನ ಒರೆಸಿ ಹೊಸದು ಬರೆಯುವುದು. ಅಲ್ಲಿಯವರೆಗೆ ಒಳ್ಳೆಯ ಊಟ ಬೇಕಾದವರು ದುಬಾರಿ ರೆಸ್ಟೋರೆಂಟಿಗೆ ಹೋಗಿ ಬಿಗಿಯಾಗಿ ಕೂರಬೇಕಿತ್ತು, ಆರಾಮವಾಗಿ ಕೂರಬೇಕಾದವರು ಪಬ್ಬಿನಲ್ಲಿ ಸಿಕ್ಕಿದ್ದನ್ನು ತಿನ್ನಬೇಕಿತ್ತು. ಈ ಇಬ್ಬರು ಆ ಎರಡನ್ನೂ ಒಂದು ಸೂರಿನಡಿ ತಂದರು. ಹತ್ತೇ ವರ್ಷದಲ್ಲಿ, 2001ರಲ್ಲಿ, ಟಿಟ್ಲಿ ಎಂಬ ಹಳ್ಳಿಯ ‘ಸ್ಟ್ಯಾಗ್ ಇನ್’ ಪಬ್ಬಿಗೆ ಮಿಶೆಲಿನ್ ತಾರೆ ಬಂತು. ಇನ್ನು ಹತ್ತು ವರ್ಷಕ್ಕೆ, 2011ರಲ್ಲಿ, ಬ್ರಿಟನ್ನಿನ ‘ಗುಡ್ ಫುಡ್ ಗೈಡ್’ ‘ಗ್ಯಾಸ್ಟ್ರೋಪಬ್’ ಎಂಬ ಪದವನ್ನೇ ಕೈಬಿಟ್ಟಿತು. ಸಿಕ್ಕಸಿಕ್ಕಲ್ಲೆಲ್ಲ ಅಂಟಿಸಿ ಅದು ಸವೆದುಹೋಗಿತ್ತು.

ಪದ ಅಲ್ಲಿಂದ ಬಂದಿದೆ, ಬರಲಿ. ಅದರ ಜೊತೆ ಆ ಕಪ್ಪು ಹಲಗೆ, ಆ ಸಣ್ಣ ಒಲೆ, ಆ ಆರಾಮವೂ ಬರಬೇಕಿತ್ತು. ನಾನು ನಿಮ್ಮನ್ನು ಕೇಳುವುದೆಲ್ಲ ಇಷ್ಟೇ.

ಮೊದಲನೆಯದು ಸದ್ದು. ಅಂದು ಮಗಳು ಫೋನಿನಲ್ಲಿ ಅಳೆದಾಗ 88 ಡೆಸಿಬಲ್ ತೋರಿಸಿತು. ಎದುರುಬದುರು ಕೂತು ಸಾಧಾರಣವಾಗಿ ಮಾತಾಡಿದರೆ 60ರ ಆಸುಪಾಸು. ಪ್ರತಿ 10 ಡೆಸಿಬಲ್ಲಿಗೆ ಸದ್ದಿನ ಶಕ್ತಿ ಹತ್ತು ಪಟ್ಟು ಏರುತ್ತದೆ ಎಂಬುದನ್ನು ನೆನೆದರೆ, ಅಮ್ಮನ ಮಾತು ಏಕೆ ಮುಳುಗಿತು ಎಂದು ಬಿಡಿಸಿ ಹೇಳಬೇಕಿಲ್ಲ. ಸುತ್ತ ಸದ್ದು ಹೆಚ್ಚಿದಷ್ಟೂ ಮನುಷ್ಯ ತನಗೇ ಅರಿವಿಲ್ಲದೆ ದನಿ ಏರಿಸುತ್ತಾನೆ, ಪಕ್ಕದ ಮೇಜಿನವರು ಅದಕ್ಕಿಂತ ಏರಿಸುತ್ತಾರೆ, ಆಗ ಹಾಡು ಕೇಳಿಸುತ್ತಿಲ್ಲವೆಂದು ನಿಮ್ಮವರು ಸ್ಪೀಕರ್ ಏರಿಸುತ್ತಾರೆ. ನಿಮ್ಮ ನೆಲ ಪಾಲಿಶ್ ಕಾಂಕ್ರೀಟು, ಗೋಡೆ ಬರೀ ಇಟ್ಟಿಗೆ, ಮುಂಭಾಗ ಪೂರ್ತಿ ಗಾಜು. ಸದ್ದನ್ನು ಹೀರಿಕೊಳ್ಳುವ ಒಂದು ಗೇಣು ಬಟ್ಟೆಯೂ ಅಲ್ಲಿಲ್ಲ.

ಕೆಲಸದ ಜಾಗದಲ್ಲಿ 85 ಡೆಸಿಬಲ್ ಸದ್ದಿಗೆ ದಿನಕ್ಕೆ 8 ಗಂಟೆಗಿಂತ ಹೆಚ್ಚು ಕಿವಿಗೊಡಬಾರದು, ಮೇಲಿನ ಪ್ರತಿ 3 ಡೆಸಿಬಲ್ಲಿಗೆ ಆ ಹೊತ್ತು ಅರ್ಧವಾಗುತ್ತದೆ ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆಯ ಸಲಹೆ. 88ಕ್ಕೆ ನಾಲ್ಕೇ ಗಂಟೆ. ನಿಮ್ಮ ಬ್ರಂಚೂ ನಾಲ್ಕೇ ಗಂಟೆ. ನಾವು ತಿಂದು ಮನೆಗೆ ಹೋಗುತ್ತೇವೆ. ಬಾಗಿಲಲ್ಲಿ ಅಮ್ಮನಿಗೆ ಕೈ ಕೊಟ್ಟ ಆ ಹುಡುಗ ಸಂಜೆಯ ಪಾಳಿಗೂ ಅಲ್ಲೇ ಇರುತ್ತಾನೆ.

ಬೀದಿಯ ಪಾಲಿಗೆ ಕಾನೂನೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಈ ಅಂಕಿ ಹಿಡಿದು ನಿಮ್ಮ ಮುಂದೆ ಬಂದು ನಿಲ್ಲುವುದು ನನಗೆ ಇಷ್ಟವಿಲ್ಲ. ಗೋಡೆಗೆ ದಪ್ಪ ಪರದೆ ಬಿಡಿಸಿ, ಚಾವಣಿಗೆ ಕಾರ್ಕಿನ ಹಲಗೆ ಹೊಡೆಸಿ, ನಡುವೆ ತೆಂಗಿನ ನಾರಿನ ಚಾಪೆ ಹಾಸಿ. ಭಾನುವಾರ ಮಧ್ಯಾಹ್ನದವರೆಗಾದರೂ ಹಾಡನ್ನು ಮಾತಿಗಿಂತ ಕೆಳಗೆ ಇಡಿ.

ಎರಡನೆಯದು ‘ಎಷ್ಟು ಬೇಕಾದರೂ’ ಎಂಬ ಲೆಕ್ಕ. ಈ ಊರು ಬೈಟೂ ಕಾಫಿಯ ಊರು. ಒಂದು ಲೋಟದ ಕಾಫಿಯನ್ನು ಎರಡು ಮಾಡಿ, ಅದರ ನೆಪದಲ್ಲಿ ಅರ್ಧ ಗಂಟೆ ನಿಂತು ಮಾತಾಡುವುದು ನಮ್ಮ ರೂಢಿ. ಎಷ್ಟು ತಿಂದೆವು ಎಂಬುದಕ್ಕಿಂತ ಎಷ್ಟು ಹೊತ್ತು ಕೂತೆವು ಎಂಬುದೇ ನಮಗೆ ದೊಡ್ಡದು. ತಲೆಗಿಷ್ಟು ಎಂದು ಹಣ ಕಟ್ಟಿದ ಮನುಷ್ಯ ಮೇಜಿನಲ್ಲಿ ಕೂರುವುದಿಲ್ಲ, ಕೊಟ್ಟ ದುಡ್ಡು ವಸೂಲಿ ಮಾಡಲು ತಟ್ಟೆ ಹಿಡಿದು ಓಡಾಡುತ್ತಾನೆ. ಹೊಟ್ಟೆ ತುಂಬಿದ ಮೇಲೂ ಹಾಕಿಸಿಕೊಳ್ಳುತ್ತಾನೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ 105 ಕೋಟಿ ಟನ್, ಅದರಲ್ಲಿ ಹೋಟೆಲು, ಕ್ಯಾಂಟೀನುಗಳಂಥ ಕಡೆಯದು ಸುಮಾರು 29 ಕೋಟಿ ಟನ್. ಆ ರಾಶಿಯ ಒಂದು ಚೂರು ನಮ್ಮ ಕಂಬದ ಹಿಂದಿನಿಂದಲೇ ಹಾದುಹೋಯಿತು. ಬಿಡಿ ತಿಂಡಿಯ ಪಟ್ಟಿ ಮತ್ತೆ ತನ್ನಿ. ಹಲಗೆಯ ಮೇಲೆ ಎಂಟೇ ಹೆಸರು ಇರಲಿ. ಆಗ ಹಾಲಂಡೇಸ್ ಕೂಡ ಒಡೆಯುವ ಮೊದಲೇ ಮೇಜಿಗೆ ಬರುತ್ತದೆ.

ಮೂರನೆಯದು ಆ ಎಂಟು ಹೆಸರು ಯಾವುವು ಎಂಬುದು. ಭಾನುವಾರದ ತಡವಾದ ಊಟ ಬೆಂಗಳೂರಿಗೆ ಹೊಸತಲ್ಲ. ನಮ್ಮ ಅಪ್ಪ ಭಾನುವಾರ ಹತ್ತು ಗಂಟೆಗೆ ನಮ್ಮನ್ನೆಲ್ಲ ಮಿಲಿಟರಿ ಹೋಟೆಲಿಗೆ ಕರೆದೊಯ್ಯುತ್ತಿದ್ದರು. ಬಿಸಿ ಇಡ್ಲಿಗೆ ಕಾಲು ಸೂಪು, ದೋಸೆಗೆ ಕೈಮ, ಕೊನೆಗೆ ಒಂದು ದೊನ್ನೆ ಬಿರಿಯಾನಿ ಮೂವರಿಗೆ ಹಂಚಿ. ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದ ಮುಂದೆ ಇವತ್ತಿಗೂ ಭಾನುವಾರ ಬೆಳಿಗ್ಗೆ ಜನ ದೋಸೆಗಾಗಿ ಹೆಸರು ಬರೆಸಿ ಕಾಯುತ್ತಾರೆ, ಕಾಯುವಾಗಲೇ ಹಳೆಯ ಗೆಳೆಯರು ಸಿಗುತ್ತಾರೆ. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲಿ ಒಂದು ಕಾಫಿ ಇಟ್ಟುಕೊಂಡು ಪೇಪರು ಪೂರ್ತಿ ಓದಿದರೂ ಯಾರೂ ಎಬ್ಬಿಸುವುದಿಲ್ಲ. ಇವೆಲ್ಲ ಬೇರೆ ಬೇರೆ ಬಗೆಯ ಜಾಗಗಳು. ಆದರೆ ಅಲ್ಲಿ ಯಾವ ವಯಸ್ಸಿನವರಿಗೂ ತಾವು ತಪ್ಪು ಜಾಗಕ್ಕೆ ಬಂದೆವೆನಿಸುವುದಿಲ್ಲ.

ನಿಮ್ಮ ಹಲಗೆಯಲ್ಲೂ ಈ ನಾಡಿನ ಋತು ಕಾಣಲಿ. ಡಿಸೆಂಬರು, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಹಿತಕಿದ ಬೇಳೆ ಸಾರು, ಪಕ್ಕದಲ್ಲಿ ಅಕ್ಕಿ ರೊಟ್ಟಿ. ಮಳೆಗಾಲದಲ್ಲಿ ಮಲೆನಾಡಿನ ಕಳಲೆ ಪಲ್ಯ. ಕಾಚಂಪುಳಿ ಹಾಕಿ ಕಪ್ಪಾಗಿ ಇಳಿಸಿದ ಕೊಡಗಿನ ಪಂದಿ ಕರಿ, ಅದಕ್ಕೆ ಕಡಂಬುಟ್ಟು. ಮಂಗಳೂರಿನ ನೀರು ದೋಸೆ, ಕೋಳಿ ಗಸಿ. ಬಿಯರ್ ತರಿಸಿದವರಿಗೆ ಒಂದು ಬಟ್ಟಲು ಕಾಂಗ್ರೆಸ್ ಕಡ್ಲೆಕಾಯಿ. ಎಗ್ಸ್ ಬೆನೆಡಿಕ್ಟ್ ತೆಗೆಯಬೇಡಿ, ನನ್ನ ಮಗಳಿಗೆ ಅದು ಇಷ್ಟ. ಅದರ ಕೆಳಗಿನ ಸಾಲಿನಲ್ಲಿ ಅವಳ ಅಜ್ಜಿಗೆ ಗೊತ್ತಿರುವ ಹೆಸರೂ ಒಂದಿರಲಿ.

ಆ ಹೆಸರು ಕನ್ನಡದಲ್ಲಿರಲಿ, ಇದು ನಾಲ್ಕನೆಯದು. 2024ರ ತಿದ್ದುಪಡಿಯಾದ ಮೇಲೆ ನಾಮಫಲಕದ ಶೇ 60ರಷ್ಟು ಕನ್ನಡವಿರಬೇಕೆಂದು ಕಾನೂನೇ ಹೇಳುತ್ತದೆ, ನೀವೂ ಚೆಂದವಾಗಿ ಬರೆಸಿದ್ದೀರಿ. ಹೊರಗಿನ ಗೋಡೆಗೆ ಬಂದ ಕನ್ನಡ ಮೇಜಿನವರೆಗೂ ಬರಲಿ. ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ ಹತ್ತು ಕಾಗದದ ಪಟ್ಟಿ ಸಾಕು. ಏನಿದೆ ಎಂದು ತಾನೇ ಓದಿ, ತನಗೆ ಬೇಕಾದದ್ದನ್ನು ತಾನೇ ಹೇಳುವುದರಲ್ಲಿ ಒಂದು ಮರ್ಯಾದೆ ಇದೆ. ಅಂದು ನಮ್ಮ ಅಮ್ಮನಿಗೆ ಅದು ಸಿಗಲಿಲ್ಲ. ಅವರ ಹುಟ್ಟುಹಬ್ಬದ ದಿನ ಅವರಿಗೇನು ಬೇಕೆಂದು ನಾವು ನಿರ್ಧರಿಸಿದೆವು.

ಕೊನೆಯದು ನಿಮ್ಮ ಹುಡುಗರ ವಿಚಾರ. ಬಿಲ್ಲಿನಲ್ಲಿ ಶೇ 5ರ ಜಿಎಸ್‌ಟಿ ಇತ್ತು, ಅದು ಸರ್ಕಾರಕ್ಕೆ ಹೋಗುತ್ತದೆ. ಅದರ ಮೇಲೆ ಶೇ 10ರ ಸೇವಾ ಶುಲ್ಕ ಸೇರಿತ್ತು. ಅದು ಯಾರಿಗೆ ಹೋಗುತ್ತದೆಂದು ಎಲ್ಲೂ ಬರೆದಿರಲಿಲ್ಲ. ಗಿರಾಕಿಯನ್ನು ಕೇಳದೆ ಹೀಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿತ್ತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನಾನು ಕೇಳಿದಾಗ ನಿಮ್ಮ ಮ್ಯಾನೇಜರು ಮರುಮಾತಾಡದೆ ತೆಗೆದರು. ಆದರೆ ಬಿಲ್ಲು ತಂದಿದ್ದ ಹುಡುಗನ ಮುಖ ನೋಡಿ ನನಗೆ ಸಂಕಟವಾಯಿತು. ಅವನ ಪಾಲನ್ನೇ ಕಿತ್ತುಕೊಂಡೆನೇನೋ ಎನಿಸಿತು. ಆ ಹಣವನ್ನು ಅವನ ಕೈಗೇ ಕೊಟ್ಟು ಬಂದೆ. ಗಿರಾಕಿಗೂ ಸಪ್ಲೈಯರಿಗೂ ನಡುವೆ ಇಂಥ ಮುಜುಗರ ಇರಬಾರದು. ಸಂಬಳವನ್ನೇ ಸರಿಯಾಗಿ ಕೊಡಿ, ಅದಕ್ಕೆ ತಿಂಡಿಯ ಬೆಲೆ ಏರಿಸಬೇಕಾದರೆ ಏರಿಸಿ, ಏರಿಸಿದ್ದೇಕೆಂದು ಅದೇ ಹಲಗೆಯ ಮೇಲೆ ಬರೆಯಿರಿ. ನಾನಂತೂ ಮನಸಾರೆ ಕೊಡುತ್ತೇನೆ.

ಇಷ್ಟೆಲ್ಲ ಮಾಡಿದರೆ ನಿಮಗೆ ನಷ್ಟವಾಗುತ್ತದೆಯೇ ಎಂದು ನಾನೂ ಯೋಚಿಸಿದ್ದೇನೆ. ಬಾಡಿಗೆ, ಅಬಕಾರಿ ಪರವಾನಗಿ, ಸಿಬ್ಬಂದಿ, ಎಲ್ಲವೂ ದುಬಾರಿ. ಭಾನುವಾರದ ನಾಲ್ಕು ಗಂಟೆಯಲ್ಲಿ ವಾರದ ನಷ್ಟ ತುಂಬಿಕೊಳ್ಳುವ ಒತ್ತಡ ನಿಮಗಿರುತ್ತದೆ. ಆದರೆ ದೂರದಿಂದ ಕಾರಿನಲ್ಲಿ ಬರುವವರು ಮುಂದಿನ ತಿಂಗಳು ಹೊಸ ಜಾಗ ತೆರೆದರೆ ಅಲ್ಲಿಗೆ ಹೋಗುತ್ತಾರೆ. ನಡೆದು ಬರುವವರು ಮಂಗಳವಾರವೂ ಬರುತ್ತಾರೆ, ಮಳೆ ಹಿಡಿದ ಗುರುವಾರವೂ ಬರುತ್ತಾರೆ, ಪಾರ್ಕಿಂಗ್ ಕೇಳುವುದಿಲ್ಲ. ಈ ಬೀದಿ ಮತ್ತು ಅಕ್ಕಪಕ್ಕದ ಎರಡು ಕ್ರಾಸುಗಳಲ್ಲಿ ಮನೆಯಲ್ಲಿ ಒಬ್ಬರೇ ಇರುವ ಹಿರಿಯರು ನನಗೆ ಗೊತ್ತಿರುವಂತೆಯೇ ಹದಿನಾಲ್ಕು ಮಂದಿ. ಮಕ್ಕಳು ಹೊರದೇಶದಲ್ಲಿದ್ದಾರೆ. ಭಾನುವಾರ ಹನ್ನೊಂದು ಗಂಟೆ ಅವರಿಗೆ ವಾರದಲ್ಲೇ ಉದ್ದವಾದ ಹೊತ್ತು.

ಅಂದು ರಾತ್ರಿ ಮನೆಯಲ್ಲಿ, ಹಾಸಿಗೆ ಕೊಡವುತ್ತಿದ್ದಾಗ, ಅಮ್ಮ ಆ ಮೂರು ಸಲದ ಮಾತನ್ನು ನಾಲ್ಕನೇ ಸಲ ಹೇಳಿದರು. ನಾವು ಕೂತಿದ್ದ ಜಾಗ ಮೇಷ್ಟ್ರ ಮನೆಯ ಅಡುಗೆಕೋಣೆಯಂತೆ. ನಾನು ಹುಟ್ಟುವ ಮೊದಲು, ಅಮ್ಮ ಬಸುರಿಯಾಗಿದ್ದಾಗ, ಮೇಷ್ಟ್ರ ಹೆಂಡತಿ ಅದೇ ಮೂಲೆಯ ಒಲೆಯಲ್ಲಿ ಒಬ್ಬಟ್ಟು ಸುಟ್ಟು, ಆ ಸಂಪಿಗೆಯ ಹೂ ಮುಡಿಸಿ, ಹೊಸದಾಗಿ ಬೀದಿಗೆ ಬಂದಿದ್ದ ಈ ಹುಡುಗಿಗೆ ಬಡಿಸಿದ್ದರಂತೆ. “ಅಲ್ಲೇ ಕೂತು ತಿಂದಿದ್ದೆ ನೋಡು, ಅದನ್ನೇ ಹೇಳ್ತಿದ್ದೆ” ಎಂದರು.

ಅದನ್ನು ನಿಮ್ಮ ಮೇಜಿನಲ್ಲಿ, ಮೊಮ್ಮಗಳ ಎದುರು, ಮರ ಕಾಣುತ್ತಿರುವಾಗಲೇ ನಾವು ಕೇಳಬೇಕಿತ್ತು.

ದೀಪಾವಳಿಗೆ ಮಗಳು ಮತ್ತೆ ಬರುತ್ತಾಳೆ. ಅದರ ನಂತರದ ಭಾನುವಾರ ಹನ್ನೆರಡು ಗಂಟೆಗೆ ನಾವು ಮೂವರು ಬರುತ್ತೇವೆ. ಮರದ ಕೆಳಗಿನ ಒಂದು ಮೇಜು ನಮಗಾಗಿ ಇಟ್ಟಿರಿ. ಬಿಡುವಿದ್ದರೆ ನೀವೂ ಒಂದು ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ನಿಮ್ಮ ಅಡುಗೆಮನೆಗಿಂತ ಮುಂಚಿನ ಆ ಅಡುಗೆಕೋಣೆಯ ಬಗ್ಗೆ ಅಮ್ಮನಿಗೆ ಇನ್ನೂ ಬಹಳ ಗೊತ್ತಿದೆ.

ಇಂತಿ,
ನಿಮ್ಮ ಬೀದಿಯ, ಐದು ಮನೆ ಆಚೆಯ ನಿವಾಸಿ